ಗ್ರಂಥಾಲಯವೂ ಸಮಾಜದ ನಿರೀಕ್ಷೆಯೂ

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳನ್ನು ನಮ್ಮಲ್ಲಿ ಬಹುಮಟ್ಟಿಗೆ ಪುಸ್ತಕವ್ಯವಸ್ಥೆಯ ನಿಯಮಗಳೆಂದೇ ಗ್ರಹಿಸುವ ವಾಡಿಕೆಯುಂಟು. ಈ ಗ್ರಹಿಕೆ ಅಪೂರ್ಣವೆಂಬುದು ನಮ್ಮ ಮತ. ಪ್ರತಿಯೊಂದು ಗ್ರಂಥವೂ ತಕ್ಕ ಓದುಗನನ್ನು ಸೇರಬೇಕೆಂಬ ಮೂರನೆಯ ಸೂತ್ರವು ಗ್ರಂಥಪಾಲಕನನ್ನು ಕಾವಲುಗಾರನ ಸ್ಥಾನದಿಂದ ಮಾರ್ಗದರ್ಶಕನ ಸ್ಥಾನಕ್ಕೆ ಏರಿಸುತ್ತದೆ.

ಈ ತತ್ತ್ವಕ್ಕೆ ಚರಿತ್ರೆಯ ಆಧಾರವೂ ಇದೆ. ಬರೋಡಾ ಸಂಸ್ಥಾನದಲ್ಲಿ ಸಯಾಜಿರಾವ್ ಗಾಯಕವಾಡರು 1906ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ರಾಜ್ಯದಾದ್ಯಂತ ವಿಸ್ತರಿಸಿದರು; 1910ರಲ್ಲಿ ಅಮೆರಿಕದ ಬೋರ್ಡನ್ ಅವರನ್ನು ಕರೆಸಿದರು. ಗ್ರಂಥಾಲಯಗಳ ಸ್ಥಾಪನೆ, ಪುಸ್ತಕಪೆಟ್ಟಿಗೆಗಳ ಸಂಚಾರ, ಗ್ರಂಥಪಾಲಕರ ಶಿಕ್ಷಣ ಇವು ಅಲ್ಲಿ ಜೊತೆಜೊತೆಯಾಗಿ ನಡೆದವು. ಓದುಗನೂ ಗ್ರಂಥಪಾಲಕನೂ ಒಟ್ಟಿಗೆ ರೂಪುಗೊಂಡರು.

ಮೈಸೂರು ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಶಾಸನವು ಕರದ ಮೂಲಕ ಹಣದ ಆಧಾರವನ್ನು ಒದಗಿಸಿತು. ಆದರೆ ಆ ಕರವನ್ನು ತೆರುವ ನಾಗರಿಕನು ವೃತ್ತಪತ್ರಿಕೆಗಿಂತ ಹೆಚ್ಚಿನದನ್ನು ಹಕ್ಕಿನಿಂದ ಕೇಳುವುದನ್ನು ನಾವು ಅಪರೂಪವಾಗಿ ಕಂಡಿದ್ದೇವೆ. ನಿರೀಕ್ಷೆಯನ್ನು ಶಾಸನವು ಹುಟ್ಟಿಸಲಾರದು. ಊರಿನ ಬೇಸಾಯ, ಕಸುಬು, ಚರಿತ್ರೆಗಳನ್ನು ಅರಿತ ಗ್ರಂಥಪಾಲಕನು ಹುಟ್ಟಿಸಬಲ್ಲನು. ವರ್ಗೀಕರಣ ಮತ್ತು ಸೂಚೀಕರಣಗಳೊಡನೆ ಈ ಅರಿವೂ ಅವನ ಶಿಕ್ಷಣದಲ್ಲಿ ಸೇರಬೇಕು.

ಕೊರತೆಯಲ್ಲಿ ಅಧ್ಯಾಪಕರಾದ ನಮ್ಮ ಪಾಲೂ ಉಂಟು. ಪಠ್ಯಪುಸ್ತಕವೊಂದೇ ಸಾಕೆಂದು ಕಲಿಸಿದ ಮೇಲೆ, ವಿದ್ಯಾರ್ಥಿಯು ಗ್ರಂಥಾಲಯದಿಂದ ಬೇರೇನನ್ನು ಕೇಳಿಯಾನು?