ತಪ್ಪು ಯಾರ ಲೆಕ್ಕಕ್ಕೆ?

ಮುಂಬಯಿ ಇಂಡಿಯನ್ಸ್ ಮತ್ತು ಆರ್‌ಸಿಬಿ ಎದುರುಬದುರಾದ ರಾತ್ರಿ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಎಷ್ಟೋ ಕನ್ನಡ ಮನೆಗಳು ಎರಡು ಪಕ್ಷವಾಗುತ್ತವೆ. ಊರು ಬಿಟ್ಟು ಬಂದ ಹಿರಿಯರು ಬೆಂಗಳೂರಿನ ಕಡೆ, ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಮುಂಬಯಿಯ ಕಡೆ. ಅಂಪೈರ್ ತೀರ್ಪನ್ನು ಅಭಿಮಾನಿಗಳು ಹೇಗೆ ತೂಗುತ್ತಾರೆ ಎಂಬುದು ಇಂಥ ಮನೆಗಳಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಅಭಿಮಾನಕ್ಕೆ ಕಣ್ಣಿಲ್ಲ ಎನ್ನುವುದು ರೂಢಿ. ಆದರೆ ಅಭಿಮಾನಿಗೆ ತಪ್ಪು ಕಾಣುತ್ತದೆ. ಅದನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬಲ್ಲಿ ಅವನು ಪಕ್ಷಪಾತಿಯಾಗುತ್ತಾನೆ.

2019ರ ಮಾರ್ಚ್ 28ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೊನೆಯ ಎಸೆತಕ್ಕೆ ಆರ್‌ಸಿಬಿಗೆ 7 ರನ್ ಬೇಕಿತ್ತು. ಮುಂಬಯಿಯ ಮಾಲಿಂಗ ಗೆರೆ ದಾಟಿ ಎಸೆದರು, ಅಂಪೈರ್ ಎಸ್. ರವಿ ನೋಬಾಲ್ ಕೊಡಲಿಲ್ಲ, ಆರ್‌ಸಿಬಿ 6 ರನ್ನಿನಿಂದ ಸೋತಿತು. ಇದು ಐಪಿಎಲ್, ಕ್ಲಬ್ ಕ್ರಿಕೆಟ್ ಅಲ್ಲ ಎಂದು ಕೊಹ್ಲಿ ಸಿಡಿದರು. ಆ ನೋಬಾಲನ್ನು ನಮ್ಮವರು ಇಂದಿಗೂ ಮರೆತಿಲ್ಲ. ಆದರೆ ಅದರ ಹಿಂದಿನ ಓವರಿನಲ್ಲಿ ಬುಮ್ರಾ ಎಸೆತವೊಂದನ್ನು ತಪ್ಪಾಗಿ ವೈಡ್ ಎಂದರು ಎಂದು ಗೆದ್ದ ನಾಯಕ ರೋಹಿತ್ ಶರ್ಮಾ ಅದೇ ರಾತ್ರಿ ಹೇಳಿದ್ದು ಯಾರಿಗೆ ನೆನಪಿದೆ? ನೋಬಾಲ್ ತಪ್ಪಿದ್ದು ನಿಜವಲ್ಲವೇ, ಸಿಟ್ಟು ನ್ಯಾಯವಲ್ಲವೇ ಎಂದು ಕೇಳಬಹುದು. ನಿಜವೇ, ನ್ಯಾಯವೇ. ಒಂದನ್ನು ನೆನಪಿಟ್ಟು ಇನ್ನೊಂದನ್ನು ಕೈಬಿಟ್ಟದ್ದರಲ್ಲಿ ಪಕ್ಷಪಾತವಿದೆ.

ಇದಕ್ಕಿಂತ ಗಟ್ಟಿ ಸಾಕ್ಷಿ 2022ರ ಮೇ 21ರದು. ವಾಂಖೆಡೆಯಲ್ಲಿ ಮುಂಬಯಿ ಗೆದ್ದರೆ ಆರ್‌ಸಿಬಿಗೆ ಪ್ಲೇಆಫ್, ಡೆಲ್ಲಿ ಗೆದ್ದರೆ ಡೆಲ್ಲಿಗೆ. ಅಂದು ಒಂದು ರಾತ್ರಿಯ ಮಟ್ಟಿಗೆ ಆರ್‌ಸಿಬಿಯವರೆಲ್ಲ ಮುಂಬಯಿಯವರಾದರು. ಮುಂಬಯಿಯ ಟಿಮ್ ಡೇವಿಡ್ ಎದುರಿಸಿದ ಮೊದಲ ಎಸೆತವೇ ಬ್ಯಾಟಿಗೆ ಸವರಿ ಕೀಪರ್ ಕೈ ಸೇರಿತು. ಅಂಪೈರ್ ಔಟ್ ಕೊಡಲಿಲ್ಲ, ಡೆಲ್ಲಿ ನಾಯಕ ಪಂತ್ ರಿವ್ಯೂ ಕೇಳಲಿಲ್ಲ. ಡೇವಿಡ್ 11 ಎಸೆತಕ್ಕೆ 34 ಹೊಡೆದರು, ಆರ್‌ಸಿಬಿ ಒಳಗೆ ಹೋಯಿತು. ಅಂಪೈರ್ ಅಂದೂ ತಪ್ಪಿದ್ದರು. ಆದರೆ ಆ ರಾತ್ರಿಯ ಕತೆಯಲ್ಲಿ ಅಂಪೈರೇ ಇಲ್ಲ, ಪಂತ್ ಪೆದ್ದುತನವೊಂದೇ ಇದೆ. ನಮಗೆ ಪೆಟ್ಟು ಬಿದ್ದರೆ ತಪ್ಪು ಅಂಪೈರನದು, ಲಾಭವಾದರೆ ಎದುರಾಳಿಯದು. ರಿವ್ಯೂ ಕೇಳುವುದು ನಾಯಕನ ಕೆಲಸ ಎಂಬ ಸಮಜಾಯಿಷಿ ಸುಳ್ಳಲ್ಲ. ಆದರೂ ಮೊದಲ ತೀರ್ಪು ತಪ್ಪಾಗಿತ್ತೆಂಬುದು ಅದರಿಂದ ಅಳಿಯುವುದಿಲ್ಲ.

ಎಲ್ಲ ಕಡೆಯ ಅಭಿಮಾನಿಗಳೂ ಹೀಗೇ. 1951ರಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಆಡಿದ ಫುಟ್‌ಬಾಲ್ ಪಂದ್ಯದ ಚಿತ್ರವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿದಾಗ, ಡಾರ್ಟ್‌ಮತ್ ಮಾಡಿದ ಫೌಲುಗಳು ಅಲ್ಲಿನವರಿಗೆ ಕಂಡದ್ದಕ್ಕಿಂತ ಎರಡು ಪಟ್ಟು ಪ್ರಿನ್ಸ್‌ಟನ್ನಿನವರಿಗೆ ಕಂಡವು. ಯಂತ್ರ ಬಂದರೆ ಜಗಳ ಮುಗಿಯುತ್ತದೆಂದೂ ಹೇಳುವಂತಿಲ್ಲ. 2024ರ ಏಪ್ರಿಲ್ 21ರಂದು ಈಡನ್ ಗಾರ್ಡನ್ಸ್‌ನಲ್ಲಿ ಕೊಹ್ಲಿ ಔಟಾದ ಫುಲ್‌ಟಾಸ್ ಕ್ರೀಸಿಗೆ ಬರುವಾಗ 0.92 ಮೀಟರ್ ಎತ್ತರದಲ್ಲಿರುತ್ತಿತ್ತು, ಅವರ ಸೊಂಟ 1.04 ಮೀಟರ್ ಎಂದು ಅಳೆದು ತೋರಿಸಿದರೂ ಅಭಿಮಾನಿಗಳು ಒಪ್ಪಲಿಲ್ಲ.

ಅಂಪೈರುಗಳೇನು ಸಾಚಾಗಳೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ತವರಿನ ಅಂಪೈರುಗಳ ಮೇಲೆ ದೂರು ಹೆಚ್ಚಿದ್ದರಿಂದಲೇ 1986ರಲ್ಲಿ ಲಾಹೋರಿನ ಪಾಕಿಸ್ತಾನ–ವೆಸ್ಟ್ ಇಂಡೀಸ್ ಟೆಸ್ಟಿಗೆ ಭಾರತದ ಪಿಲೂ ರಿಪೋರ್ಟರ್ ಮತ್ತು ವಿ.ಕೆ. ರಾಮಸ್ವಾಮಿ ಹೋದರು. ಆ ಏರ್ಪಾಡು ನಿಂತದ್ದು ಎರಡೂ ತಂಡಕ್ಕೆ ಒಂದೇ ಅಳತೆ ಇರಬೇಕು ಎಂಬ ಬೇಡಿಕೆಯ ಮೇಲೆ. ಅಭಿಮಾನಿಯಿಂದಲೂ ನಾನು ಕೇಳುವುದು ಅಷ್ಟೇ. ತಟಸ್ಥನಾಗಿ ಆಟ ನೋಡೆಂದು ಯಾರೂ ಹೇಳುವುದಿಲ್ಲ, ಹಾಗೆ ನೋಡುವುದರಲ್ಲಿ ಸುಖವೂ ಇಲ್ಲ. ಆದರೆ ನೆನಪಿಟ್ಟ ತಪ್ಪಿಗೂ ಕೈಬಿಟ್ಟ ತಪ್ಪಿಗೂ ನಿಯಮ ಮದ್ದು ಹುಡುಕಿದೆ. ಮಾಲಿಂಗ ಪ್ರಕರಣದ ಮರುವರ್ಷವೇ, 2020ರ ಐಪಿಎಲ್‌ನಲ್ಲಿ, ಮುಂಗಾಲ ನೋಬಾಲ್ ನೋಡುವ ಹೊಣೆ ಥರ್ಡ್ ಅಂಪೈರಿಗೆ ಹೋಯಿತು. ಬುಮ್ರಾ ವೈಡಿನಂಥ ತಪ್ಪಿಗೆ ಮದ್ದು ಬರಲು 2023ರವರೆಗೆ ಕಾಯಬೇಕಾಯಿತು. ವೈಡನ್ನೂ ರಿವ್ಯೂಗೆ ಒಪ್ಪಿಸಬಹುದಾದ ನಿಯಮದೊಂದಿಗೆ ಮಹಿಳಾ ಪ್ರೀಮಿಯರ್ ಲೀಗ್ ಆ ಮಾರ್ಚಿನಲ್ಲಿ ಶುರುವಾದದ್ದು ನೆರೂಲಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ.