ಸಂತಚರಿತೆ ಮತ್ತು ಕಾದಂಬರಿ: ಮಾರ್ಕ್ ಟ್ವೇನನ ‘ಜೋನ್ ಆಫ್ ಆರ್ಕ್’

ಸಂತರನ್ನು ಕುರಿತು ಐತಿಹಾಸಿಕ ಕಾದಂಬರಿ ಬರೆಯುವವನಿಗೆ ಆಕರಗಳ ಕೊರತೆ ಒಂದು ತೊಡಕಾದರೆ, ಅತಿಶಯವಾದ ಭಕ್ತಿ ಮತ್ತೊಂದು ತೊಡಕು. ಮಾರ್ಕ್ ಟ್ವೇನನು ಜೋನ್ ಆಫ್ ಆರ್ಕಳನ್ನು ಕುರಿತು ಬರೆದ ಕಾದಂಬರಿ ಎರಡನೆಯದಕ್ಕೆ ನಿದರ್ಶನವಾಗಿದೆ. 1895ರಲ್ಲಿ ‘ಹಾರ್ಪರ್ಸ್’ ಪತ್ರಿಕೆಯಲ್ಲಿ ಲೇಖಕನ ಹೆಸರಿಲ್ಲದೆ ಧಾರಾವಾಹಿಯಾಗಿ ಆರಂಭವಾದ ಈ ಕೃತಿ 1896ರಲ್ಲಿ ಗ್ರಂಥರೂಪ ಪಡೆಯಿತು. ತನ್ನ ಕೃತಿಗಳಲ್ಲೆಲ್ಲ ಇದೇ ಉತ್ತಮವೆಂದು ಟ್ವೇನನು ಭಾವಿಸಿದ್ದನು. ಸಿದ್ಧತೆಗೆ 12 ವರ್ಷ, ಬರವಣಿಗೆಗೆ 2 ವರ್ಷ ಹಿಡಿಯಿತೆಂದೂ ಹೇಳಿಕೊಂಡಿದ್ದನು. ಈ ಮಾತನ್ನು ನಂಬಿ ಕೃತಿಯನ್ನು ಕೈಗೆತ್ತಿಕೊಳ್ಳುವ ಓದುಗನಿಗೆ ನಿರಾಶೆಯಾಗುತ್ತದೆ.

ಆಕರಗಳಿಗೆ ಇಲ್ಲಿ ಕೊರತೆಯಿರಲಿಲ್ಲ. 1431ರ ವಿಚಾರಣೆಯ ಹಾಗೂ ಆ ತೀರ್ಪನ್ನು 1456ರಲ್ಲಿ ರದ್ದುಗೊಳಿಸಿದ ಮರುವಿಚಾರಣೆಯ ದಾಖಲೆಗಳನ್ನು ಫ್ರೆಂಚ್ ವಿದ್ವಾಂಸ ಜೂಲ್ ಕಿಶೆರಾ 1841–49ರ ಅವಧಿಯಲ್ಲಿ ಪ್ರಕಟಿಸಿದ್ದನು. ಟ್ವೇನನು ಅವುಗಳನ್ನು ಬಳಸಿಕೊಂಡಿದ್ದಾನೆ. ತೊಡಕಿರುವುದು ನಿರೂಪಕನಲ್ಲಿ. ಜೋನಳ ಬಾಲ್ಯದ ಒಡನಾಡಿಯಾದ ಲೂಯಿ ದ ಕಾಂತ್ 82ರ ಇಳಿವಯಸ್ಸಿನಲ್ಲಿ ಕಥೆ ಹೇಳುತ್ತಾನೆ. ಅವನ ಕಣ್ಣಿಗೆ ಜೋನ್ ದೊಂರೆಮಿಯ ಬಾಲಕಿಯಾಗಿದ್ದಾಗಲೇ ಪರಿಪೂರ್ಣಳು. ಹೀಗಾಗಿ ಆಕೆ ಬೆಳೆಯುವುದಿಲ್ಲ, ಅಂತರಂಗದಲ್ಲಿ ತೊಳಲುವುದಿಲ್ಲ. ಟ್ವೇನನ ಸಹಜ ಶಕ್ತಿಯಾದ ವಿನೋದವು ಜಂಬಗಾರ ಪಲಾಡಿನ್‌ನಂತಹ ಪೋಷಕ ಪಾತ್ರಗಳಿಗಷ್ಟೇ ಮೀಸಲಾಗಿದೆ.

ಈ ದೋಷವು ಎದ್ದು ಕಾಣುವುದು ರುವಾನಿನ ಪ್ರಸಂಗದಲ್ಲಿ. 1431ರ ಮೇ 24ರಂದು ಜೋನ್ ತಪ್ಪೊಪ್ಪಿಗೆ ಪತ್ರಕ್ಕೆ ಗುರುತು ಹಾಕಿದಳು. ಮೇ 28ರಂದು, ಬೆಂಕಿಯ ಭಯದಿಂದ ಹಾಗೆ ಮಾಡಿದೆನೆಂದು ತಿಳಿಸಿ ಅದನ್ನು ನಿರಾಕರಿಸಿದಳು. ಮೇ 30ರಂದು ಆಕೆಯನ್ನು ಸುಡಲಾಯಿತು. ಈ ಘಟನೆಗಳು ಕಾದಂಬರಿಯಲ್ಲಿಯೂ ಇವೆ. ಆದರೆ ಅಲ್ಲಿನ ಒತ್ತೆಲ್ಲ ನ್ಯಾಯಾಧೀಶರ ಕಪಟದ ಮೇಲೂ ನಿರೂಪಕನ ಶೋಕದ ಮೇಲೂ ಬಿದ್ದಿದೆ. ಒಮ್ಮೆ ಸೋತ ಜೀವವು ಆ ನಾಲ್ಕು ದಿನಗಳಲ್ಲಿ ಹೇಗೆ ಮತ್ತೆ ಎದ್ದು ನಿಂತಿತೆಂಬುದನ್ನು ಕಾದಂಬರಿ ಶೋಧಿಸುವುದಿಲ್ಲ. ದಾಖಲೆ ಮೌನವಾಗುವ ಈ ಎಡೆಯಲ್ಲಿಯೇ ಕಾದಂಬರಿಕಾರನ ಕೆಲಸ ಮೊದಲಾಗಬೇಕಿತ್ತು. ಭಯವನ್ನೇ ಅರಿಯದವಳಿಗೆ ಬೆಂಕಿಯ ಎದುರು ನಿಲ್ಲುವುದು ಸಾಹಸವಲ್ಲ. ಹೆದರಿ, ಮಣಿದು, ಎಲ್ಲವನ್ನೂ ಬಲ್ಲವಳಾಗಿ ಮತ್ತೆ ಅದರೆದುರಿಗೆ ಬಂದುದರಲ್ಲಿಯೇ ಜೋನಳ ಹಿರಿಮೆಯಿದೆ.

ನ್ಯಾಯಾಲಯದ ಅಧ್ಯಾಯಗಳು ಇಂದಿಗೂ ಓದಿಸಿಕೊಳ್ಳುತ್ತವೆ ಎಂಬುದನ್ನು ಒಪ್ಪಬೇಕು. ಆದರೆ ಅಲ್ಲಿ ಕೇಳಿಬರುವುದು ಮುಖ್ಯವಾಗಿ ದಾಖಲೆಯೊಳಗಿನ ಜೋನಳ ದನಿ. ಆಕೆಯನ್ನು ಶಿಕ್ಷಿಸಲೆಂದು ಕುಳಿತವರ ಕಡತವು ಆರಾಧಕನ ಕಾದಂಬರಿಗಿಂತ ಆಕೆಯನ್ನು ಹೆಚ್ಚು ಜೀವಂತವಾಗಿ ಉಳಿಸಿಕೊಟ್ಟಿರುವುದು ವಿಪರ್ಯಾಸವೇ ಸರಿ. ಚರ್ಚು ಜೋನಳಿಗೆ ಸಂತಪದವಿ ನೀಡಿದ್ದು 1920ರಲ್ಲಿ. ಕಾದಂಬರಿಕಾರನು ಅದಕ್ಕೂ 24 ವರ್ಷ ಮೊದಲೇ ಆಕೆಯನ್ನು ಪೀಠವೇರಿಸಿ, ಮನುಷ್ಯಳಾಗಿ ನೋಡುವ ಅವಕಾಶವನ್ನು ಕಳೆದುಕೊಂಡನು.