ಡಬ್ಬಿ ಗುಂಡಗಿತ್ತು ಮಾಮ

ಕೋಲಾರದವನಿಗೂ ಯುದ್ಧನೌಕೆಗೂ ಏನ್ ಸಂಬಂಧ ಅಂತ ಕೇಳಿದರೆ ನನ್ನ ಹತ್ರ ಉತ್ತರ ಇಲ್ಲ. ನಮ್ಮ ಜಿಲ್ಲೆಯಲ್ಲಿ ಸಮುದ್ರದ ಮಾತು ಬಿಡಿ, ವರ್ಷಪೂರ್ತಿ ಹರಿಯೋ ಹೊಳೆಯೂ ಇಲ್ಲ. ಇರೋದು ಕೆರೆಗಳು, ಅವೂ ಮಳೆ ಬಂದರೆ. ಆದರೂ ಭಾನುವಾರ ಬಂತೆಂದರೆ ನಾನು ಪ್ಲಾಸ್ಟಿಕ್ ಹಡಗು ಅಂಟಿಸುತ್ತಾ ಕೂರುತ್ತೇನೆ. ಇದನ್ನು ನೋಡಿದ ಆಫೀಸಿನ ಗೆಳೆಯರು ಕೇಳೋದು ಒಂದೇ ಪ್ರಶ್ನೆ: "ಯಾವ ಬ್ರ್ಯಾಂಡ್ ತಗೊಂಡ್ರೆ ಒಳ್ಳೇದು?"

ಪ್ರಶ್ನೆಯೇ ತಪ್ಪು. ಯಾಕೆ ಅಂತ ನನಗೆ ಕಲಿಸಿದ್ದು ಮುಳಬಾಗಿಲಿನಲ್ಲಿರುವ ಅಕ್ಕನ ಮಗ.

ಅವನು ಸ್ಕೂಲ್ ಟ್ರಿಪ್ಪಿನಲ್ಲಿ ಕಾರವಾರಕ್ಕೆ ಹೋಗಿ, ಟ್ಯಾಗೋರ್ ಕಡಲತೀರದಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಐಎನ್‌ಎಸ್ ಚಾಪೆಲ್ ಹತ್ತಿ ಇಳಿದು ಬಂದ. "ಮಾಮ, ನಂಗೆ ಅದೇ ಹಡಗು ಬೇಕು." ಸರಿ, ನಾನು ಹುಡುಕಿದೆ. ಚಾಪೆಲ್ ರಷ್ಯಾದಿಂದ ಬಂದ 'ಓಸಾ' ಜಾತಿಯ ಕ್ಷಿಪಣಿ ದೋಣಿ. 1/72 ಅಳತೆಯಲ್ಲಿ ಮೆರಿಟ್ ಕಂಪನಿಯ ಕಿಟ್ ಇದೆ. ಡಬ್ಬಿಯ ಮೇಲೆ 'ಓಸಾ' ಅಂತ ಇತ್ತು, ತರಿಸಿದೆ, ಎರಡು ತಿಂಗಳು ಕೂತು ಕಟ್ಟಿದೆ, ಬಣ್ಣ ಹೊಡೆದೆ. ಹುಡುಗ ನೋಡಿದ. ಅಮ್ಮನ ಮೊಬೈಲ್ ತಂದು ಫೋಟೊ ಪಕ್ಕಕ್ಕೆ ಹಿಡಿದ. "ಮಾಮ, ಅಲ್ಲಿ ಡಬ್ಬಿ ಗುಂಡಗಿತ್ತು. ಇದು ಚೌಕ ಇದೆ."

ಸರಿಯಾಗೇ ಹೇಳಿದ್ದ. ಓಸಾದಲ್ಲಿ ಎರಡು ಬಗೆ. ಓಸಾ-1ರಲ್ಲಿ ನಾಲ್ಕು ಕ್ಷಿಪಣಿಗಳೂ ಪೆಟ್ಟಿಗೆಯಂಥ ಗೂಡುಗಳಲ್ಲಿ ಇರುತ್ತವೆ. ಓಸಾ-2ರಲ್ಲಿ ಕೊಳವೆಯಂಥ ಗುಂಡನೆಯ ಗೂಡು. ಮೆರಿಟ್ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಮಾರುತ್ತೆ. ಕಂಪನಿಯದ್ದೇನೂ ತಪ್ಪಿಲ್ಲ, ಓದದೆ ಆರ್ಡರ್ ಮಾಡಿದ್ದು ನಾನು.

ತಪ್ಪಿನ ಬೇರು ಇನ್ನೂ ಆಳಕ್ಕಿತ್ತು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ನುಗ್ಗಿದ್ದು ಚಾಪೆಲ್ಲೇ ಅಂತ ಬಹಳ ಜನ ಹೇಳ್ತಾರೆ, ನಾನೂ ನಂಬಿದ್ದೆ. ಆ ರಾತ್ರಿ ಹೋದದ್ದು ನಿಪಾತ್, ನಿರ್ಘಾತ್ ಮತ್ತು ವೀರ್, ಮೂರೂ ಓಸಾ-1. ಚಾಪೆಲ್ ಸೇವೆಗೆ ಬಂದದ್ದೇ 1976ರಲ್ಲಿ, ನಿವೃತ್ತಿಯಾದದ್ದು 2005ರಲ್ಲಿ. ಕರಾಚಿಯ ಕಥೆಯನ್ನು ಕಾರವಾರದ ಹಡಗಿಗೆ ಅಂಟಿಸಿದ್ದಕ್ಕೆ ನನ್ನ ಮೇಜಿನ ಮೇಲೆ ತಪ್ಪು ಹಡಗು ಬಂದು ನಿಂತಿತು.

ಅದಕ್ಕೇ ನನ್ನ ಮೊದಲ ಮಾತು: ಕಿಟ್ ಆರಿಸೋ ಮೊದಲು ಹಡಗು ಆರಿಸಿ. ಯಾವ ಹಡಗು, ಯಾವ ವರ್ಷದ ರೂಪ, ಇವೆರಡು ಗೊತ್ತಿಲ್ಲದೆ 'ಕ್ವಾಲಿಟಿ' ಅನ್ನೋ ಪದಕ್ಕೆ ಅರ್ಥವೇ ಇಲ್ಲ.

ಎರಡನೆಯದು ಅಚ್ಚು. ಮಾಲೂರಿನ ಹೆಂಚು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಚ್ಚು ಸವೆದರೆ ಹೆಂಚು ಒಂದರ ಮೇಲೊಂದು ಸರಿಯಾಗಿ ಕೂರಲ್ಲ. ಪ್ಲಾಸ್ಟಿಕ್ ಕಿಟ್ಟೂ ಹಾಗೇ: ಸವೆದ ಅಚ್ಚಿನ ಸಂದಿಯಿಂದ ತೆಳು ಪ್ಲಾಸ್ಟಿಕ್ ಪರೆ ಹೊರಗೆ ಚಾಚಿರುತ್ತೆ, ಹಡಗಿನ ಎರಡು ಹೋಳು ಸೇರಿಸಿದರೆ ನಡುವೆ ಬಾಯಿ ಬಿಡುತ್ತೆ. ನನ್ನ ಮೊಟ್ಟಮೊದಲ ಕಿಟ್ ಹಾಗಿತ್ತು, ಪುಟ್ಟಿ ತುಂಬಿ ಉಜ್ಜಿ ಉಜ್ಜಿ ಬೆರಳು ಸವೆದವು. ಆದರೆ ಅದರ ಡಬ್ಬಿ ಮಾತ್ರ ಹೊಚ್ಚ ಹೊಸದು! ಹಳೇ ಅಚ್ಚಿನ ಮಾಲನ್ನು ಹೊಸ ಚಿತ್ರದ ಡಬ್ಬಿಯಲ್ಲಿ ಮತ್ತೆ ಬಿಡೋದು ಈ ಧಂದೆಯಲ್ಲಿ ಮಾಮೂಲು. ಜಪಾನಿನ ಶಿಜುವೊಕಾದ ನಾಲ್ಕು ಕಂಪನಿಗಳು, ಅಂದರೆ ತಮಿಯಾ, ಹಸೆಗಾವ, ಅವೊಶಿಮಾ, ಫುಜಿಮಿ ಸೇರಿ 1971ರಲ್ಲಿ ಶುರು ಮಾಡಿದ 1/700 ವಾಟರ್‌ಲೈನ್ ಸರಣಿಯಲ್ಲೂ ಆ ಕಾಲದ ಅಚ್ಚುಗಳಿವೆ, ಆಮೇಲೆ ಹೊಸದಾಗಿ ಮಾಡಿದವೂ ಇವೆ. ಬ್ರ್ಯಾಂಡ್ ಒಂದೇ, ಸರಣಿ ಒಂದೇ, ಗುಣಮಟ್ಟ ಮಾತ್ರ ಅಜಗಜಾಂತರ. ಸ್ಕೇಲ್‌ಮೇಟ್ಸ್ ಜಾಲತಾಣದಲ್ಲಿ ಪ್ರತಿ ಕಿಟ್‌ನ ವಂಶಾವಳಿ ಇದೆ. ಡಬ್ಬಿಯ ವರ್ಷ ಬಿಟ್ಟು ಅಚ್ಚಿನ ವರ್ಷ ನೋಡಿ.

ಹಾಗಂತ ಹಳೇದೆಲ್ಲ ಕೆಟ್ಟದ್ದಲ್ಲ. ಏರ್‌ಫಿಕ್ಸ್‌ನ 1/600 ಲಿಯಾಂಡರ್ ದಶಕಗಳ ಹಿಂದಿನ ಅಚ್ಚು, ಸೂಕ್ಷ್ಮ ಕೆಲಸ ಕಮ್ಮಿ. ಆದರೆ 1972ರಲ್ಲಿ ಮುಂಬೈನ ಮಝಗಾಂವ್ ಡಾಕ್‌ನಿಂದ ನೌಕಾಪಡೆ ಸೇರಿದ ಐಎನ್‌ಎಸ್ ನೀಲಗಿರಿ ಹುಟ್ಟಿದ್ದು ಅದೇ ಲಿಯಾಂಡರ್ ವಿನ್ಯಾಸದಿಂದ. ಹಳೇ ಫೋಟೊ ಎದುರಿಗಿಟ್ಟುಕೊಂಡು ಅಲ್ಲಲ್ಲಿ ತಿದ್ದುವ ತಾಳ್ಮೆ ಇದ್ದರೆ, ನೀಲಗಿರಿ ಬೇಕೆನ್ನುವವನಿಗೆ ಝಗಮಗಿಸೋ ಹೊಸ ಯಮಾಟೊಗಿಂತ ಇದೇ ಒಳ್ಳೆಯ ಕಿಟ್.

ಮೂರನೆಯದು ಅಳತೆ. 263 ಮೀಟರಿನ ಯಮಾಟೊ 1/350ರಲ್ಲಿ 75 ಸೆಂಟಿಮೀಟರ್ ಆಗುತ್ತೆ. ಬೆಂಗಳೂರಿನ ಪಿಜಿ ರೂಮಿನಲ್ಲಿ ಅದನ್ನು ಎಲ್ಲಿ ಇಡ್ತೀರಾ? 1/700ರಲ್ಲಿ ಸುಮಾರು 37, ಅದು ಶೆಲ್ಫಿನಲ್ಲಿ ಕೂರುತ್ತೆ. ಆದರೆ ಸುಮಾರು 38 ಮೀಟರಿನ ಓಸಾ 1/700ರಲ್ಲಿ ಐದೂವರೆ ಸೆಂಟಿಮೀಟರ್, ಅಂದರೆ ಬೆರಳುದ್ದ. 1/72ರಲ್ಲಿ 53. ದೊಡ್ಡ ಹಡಗಿಗೆ ಚಿಕ್ಕ ಅಳತೆ, ಚಿಕ್ಕ ಹಡಗಿಗೆ ದೊಡ್ಡ ಅಳತೆ, ಇಷ್ಟೇ ಲೆಕ್ಕ.

ನಾಲ್ಕನೆಯದು ಬಿಡಿಭಾಗಗಳ ಮೋಹ. ಭಾಗ ಜಾಸ್ತಿ ಇದ್ದಷ್ಟೂ ಕಿಟ್ ಒಳ್ಳೇದು ಅನ್ನೋದು ಸುಳ್ಳು. ರೇಲಿಂಗು, ರಾಡಾರಿಗೆ ಕೊಡೋ ಕೂದಲೆಳೆಯಂಥ ಲೋಹದ ಹಾಳೆಗಳು ನೋಡೋಕೆ ಚೆಂದ, ಹೊಸಬರ ಕೈಯಲ್ಲಿ ಬರೀ ಸಂಕಟ. ಅರ್ಧಕ್ಕೆ ನಿಂತು ಅಟ್ಟ ಸೇರಿದ ಸಾವಿರ ಭಾಗದ ಕಿಟ್‌ಗಿಂತ ಮುಗಿದ ನೂರು ಭಾಗದ ಕಿಟ್ ಮೇಲು.

ಶ್ರೀನಿವಾಸಪುರದ ಮಂಡಿಯಲ್ಲಿ ಮಾವು ಕೊಳ್ಳೋರು ಕ್ರೇಟಿನ ಮೇಲಿನ ಸಾಲು ನೋಡಿ ದರ ಮಾತಾಡಲ್ಲ. ಕೈ ಹಾಕಿ ತಳದ ಹಣ್ಣು ತೆಗೆದು ನೋಡ್ತಾರೆ. ಡಬ್ಬಿಯ ಮೇಲೆ ಬೆಂಕಿ ಉಗುಳುತ್ತಾ ಅಲೆ ಸೀಳೋ ಹಡಗಿನ ಚಿತ್ರ ಮೇಲಿನ ಸಾಲು. ಕೊಂಡವರು ಹಾಕಿರೋ ಒಳಭಾಗಗಳ ಫೋಟೊ, ಯಾರೋ ಕಟ್ಟಿ ಮುಗಿಸಿದ ಹಡಗು, ಇವು ತಳದ ಹಣ್ಣು.

ಓಸಾ-2 ಡಬ್ಬಿ ಹೋದ ವಾರ ಬಂತು. ಈ ಸಲ ಆರ್ಡರ್ ಮಾಡೋ ಮೊದಲು ಹುಡುಗನಿಗೆ ಫೋಟೊ ಕಳಿಸಿ ಕೇಳಿದೆ. ಝೂಮ್ ಮಾಡಿ ನೋಡಿ "ಇದೇ ಮಾಮ" ಅಂದ. ಮೊದಲು ಕಟ್ಟಿದ್ದನ್ನ ಬಿಸಾಡಿಲ್ಲ. ಅದಕ್ಕೆ ನಿರ್ಘಾತ್ ಅಂತ ಹೆಸರು ಬರೆದು ಪಕ್ಕದಲ್ಲೇ ಇಟ್ಟಿದ್ದೀವಿ. ಕರಾಚಿಗೆ ಹೋಗಿದ್ದು ಯಾವುದು, ಕಾರವಾರದಲ್ಲಿರೋದು ಯಾವುದು ಅಂತ ಮನೆಗೆ ಬಂದವರಿಗೆ ಈಗ ಅವನೇ ಹೇಳ್ತಾನೆ.